ಮುತ್ತಜ್ಜ ಫೋಟೊದಲ್ಲಿ ಯಾಕೆ ನಗಲಿಲ್ಲ?

ಮನೆಯ ಹಳೆಯ ಟ್ರಂಕಿನಲ್ಲೋ ಬೀರುವಿನ ಮೇಲಿನ ಖಾನೆಯಲ್ಲೋ ಕಪ್ಪು ಹಾಳೆಗಳ ಆಲ್ಬಂ ಒಂದಿದ್ದರೆ ಈ ವಾರ ಹೊರಗೆ ತೆಗೆಯಿರಿ. ಧೂಳು ಒರೆಸಿ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಪುಟ ತಿರುವಿ. ಪೇಟ ಸುತ್ತಿ ಕುರ್ಚಿಯಲ್ಲಿ ಕೂತ ಹಿರಿಯರು, ಪಕ್ಕದಲ್ಲಿ ಸೆರಗು ಹೊದ್ದು ನಿಂತ ಅಜ್ಜಿ, ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ ಮಕ್ಕಳು. ಹತ್ತು ಜನರಿದ್ದರೂ ಒಬ್ಬರ ತುಟಿಯೂ ಅರಳಿರುವುದಿಲ್ಲ.

ಈಗ ಮೊಬೈಲ್‌ನಲ್ಲಿರುವ ಮೊನ್ನೆಯ ಮದುವೆಯ ಫೋಟೊಗಳನ್ನು ಅದರ ಪಕ್ಕದಲ್ಲಿಡಿ. ಎಲ್ಲರ ಹಲ್ಲೂ ಕಾಣುತ್ತಿದೆ! ಹಾಗಾದರೆ ಅಂದಿನವರಿಗೆ ಸಂತೋಷವೇ ಇರಲಿಲ್ಲವೇ? ಇಂದಿನವರಿಗೆ ದುಃಖವೇ ಇಲ್ಲವೇ?

ಈ ಪ್ರಶ್ನೆಯನ್ನು ನನ್ನ ತಲೆಗೆ ಹಾಕಿದವಳು ಐದನೇ ತರಗತಿಯ ನನ್ನ ಮೊಮ್ಮಗಳು. ಗೋಡೆಯ ಮೇಲಿನ ನಮ್ಮಪ್ಪನ ಫೋಟೊ ನೋಡಿ, ‘ಅಜ್ಜಿ, ನಿಮ್ಮಪ್ಪಂಗೆ ತುಂಬ ಕೋಪ ಬರ್ತಿತ್ತಾ?’ ಎಂದು ಕೇಳಿದಳು. ಬಹಳ ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಮಕ್ಕಳು ಕೇಳಿದ್ದಕ್ಕೆ ಸರಿಯಾದ ಉತ್ತರ ಹುಡುಕದೆ ಬಿಡುವ ಅಭ್ಯಾಸವಿಲ್ಲ. ಹುಡುಕುತ್ತಾ ಹೋದಾಗ ಅಮೆರಿಕ, ರಷ್ಯಾ, ಜಪಾನ್ ಎಲ್ಲ ಸುತ್ತಿ ಬರಬೇಕಾಯಿತು.

ಅಲ್ಲಾಡಿದರೆ ಕೆಟ್ಟಿತು!

ಫೋಟೊ ತೆಗೆಯುವ ವಿದ್ಯೆ ಜಗತ್ತಿಗೆ ಬಹಿರಂಗವಾದದ್ದು 1839ರಲ್ಲಿ, ಫ್ರಾನ್ಸ್ ದೇಶದಲ್ಲಿ. ಲೂಯಿ ದಗೇರ್ ಎಂಬಾತ ಬೆಳ್ಳಿ ಲೇಪಿಸಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸುವುದನ್ನು ತೋರಿಸಿಕೊಟ್ಟ. ಆ ತಗಡಿನ ಮೇಲೆ ಚಿತ್ರ ಮೂಡಬೇಕಾದರೆ ಬೆಳಕು ಬಹಳ ಹೊತ್ತು ಬೀಳಬೇಕಿತ್ತು. ಮೊದಮೊದಲು ಹಲವಾರು ನಿಮಿಷ ಅಲುಗಾಡದೆ ಕೂರಬೇಕಾಗುತ್ತಿತ್ತು.

ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ಎಂಬ ಯುವಕ ತನ್ನ ಫೋಟೊವನ್ನು ತಾನೇ ತೆಗೆದುಕೊಂಡ. ಅವನದು ದೀಪಗಳನ್ನು ತಯಾರಿಸುವ ಮನೆತನ. ಆ ಚಿತ್ರದಲ್ಲಿ ಅವನ ತಲೆಗೂದಲು ಕೆದರಿದೆ, ಕೈ ಕಟ್ಟಿದ್ದಾನೆ, ಮುಖ ಗಂಭೀರವಾಗಿದೆ. ಇಂದಿನ ಸೆಲ್ಫಿಗಳ ಮುತ್ತಜ್ಜ ಎಂದು ಅದನ್ನು ಕರೆಯಬಹುದು.

ಮಕ್ಕಳೇ, ಒಂದು ಆಟ ಆಡಿ. ಕನ್ನಡಿಯ ಮುಂದೆ ನಿಂತು ನಗಿ. ಹಾಗೆಯೇ ಎರಡು ನಿಮಿಷ ನಗುತ್ತಲೇ ಇರಿ. ಅರ್ಧ ನಿಮಿಷಕ್ಕೆ ಕೆನ್ನೆ ನಡುಗುತ್ತದೆ, ಒಂದು ನಿಮಿಷಕ್ಕೆ ನಗು ಅಳುವಿನ ಹಾಗೆ ಕಾಣುತ್ತದೆ. ಮುಖ ಸಡಿಲ ಬಿಟ್ಟು ಸುಮ್ಮನೆ ಕೂರುವುದು ಎಷ್ಟೋ ಸುಲಭ. ಅಷ್ಟು ಹೊತ್ತು ತಲೆ ಅಲ್ಲಾಡದಿರಲಿ ಎಂದು ಅಂದಿನ ಸ್ಟುಡಿಯೊಗಳಲ್ಲಿ ಕುರ್ಚಿಯ ಹಿಂದೆ ಕಬ್ಬಿಣದ ಕಂಬವೊಂದನ್ನು ನಿಲ್ಲಿಸಿ, ಅದರ ತುದಿಯ ಹಿಡಿಕೆಗೆ ತಲೆಯನ್ನು ಆನಿಸುತ್ತಿದ್ದರು. ಎದುರಿನಿಂದ ನೋಡಿದರೆ ಅದು ಕಾಣುತ್ತಿರಲಿಲ್ಲ. ಕೆಲವು ಹಳೆಯ ಫೋಟೊಗಳಲ್ಲಿ ನಿಂತವರ ಕಾಲ ಹಿಂದೆ ಆ ಕಂಬದ ಪಾದ ಇಣುಕುತ್ತದೆ.

ನಗದಿರಲು ಇದೇ ಕಾರಣ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಕ್ಯಾಮೆರಾ ಬೇಗ ಬೇಗ ಸುಧಾರಿಸಿತು. ಕೆಲವೇ ವರ್ಷಗಳಲ್ಲಿ ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. 1880ರ ದಶಕದ ಹೊತ್ತಿಗೆ ಓಡುವ ಕುದುರೆಯನ್ನೂ ಸೆರೆಹಿಡಿಯಬಹುದಿತ್ತು. ಆದರೂ ಜನ ನಗಲಿಲ್ಲ. ಅಂದರೆ ಯಂತ್ರದ ಜೊತೆಗೆ ಇನ್ನೂ ಏನೋ ಕಾರಣವಿತ್ತು.

ಹಲ್ಲು ಕಂಡದ್ದಕ್ಕೆ ಗದ್ದಲ

ಫೋಟೊ ಬರುವ ಮೊದಲು ಯುರೋಪಿನಲ್ಲಿ ಸಿರಿವಂತರು ಚಿತ್ರಕಾರರಿಂದ ತಮ್ಮ ಚಿತ್ರ ಬರೆಸಿಕೊಳ್ಳುತ್ತಿದ್ದರು. ಆ ಚಿತ್ರಗಳಲ್ಲಿ ದೊಡ್ಡ ಮನುಷ್ಯರು ಹಲ್ಲು ಬಿಟ್ಟು ನಗುವಂತಿರಲಿಲ್ಲ. ಬಾಯಿ ತೆರೆದು ನಗುವವರು ಕುಡುಕರು, ವಿದೂಷಕರು, ತಿಳಿವಳಿಕೆಯಿಲ್ಲದವರು ಎಂಬ ಭಾವನೆ ಇತ್ತು. 1787ರಲ್ಲಿ ಎಲಿಜಬೆತ್ ವಿಜೆ ಲಬ್ರನ್ ಎಂಬ ಪ್ರಸಿದ್ಧ ಕಲಾವಿದೆ ಮಗಳನ್ನು ಅಪ್ಪಿಕೊಂಡ ತನ್ನದೇ ಚಿತ್ರವನ್ನು ಪ್ಯಾರಿಸ್‌ನಲ್ಲಿ ಪ್ರದರ್ಶನಕ್ಕಿಟ್ಟಳು. ಮುಗುಳ್ನಗೆಯ ನಡುವೆ ಅವಳ ಬಿಳಿ ಹಲ್ಲು ಸ್ವಲ್ಪವೇ ಕಾಣುತ್ತಿತ್ತು. ಅಷ್ಟಕ್ಕೇ ಊರಲ್ಲಿ ಗುಸುಗುಸು ಶುರುವಾಯಿತು! ಆ ಚಿತ್ರ ಈಗ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಇಂದು ನೋಡಿದವರಿಗೆ ಅದರಲ್ಲಿ ಆಕ್ಷೇಪಿಸುವಂಥದ್ದು ಏನೂ ಕಾಣುವುದಿಲ್ಲ.

ಫೋಟೊ ಬಂದಾಗ ಜನ ಇದೇ ನಡವಳಿಕೆಯನ್ನು ಸ್ಟುಡಿಯೊಗೂ ತಂದರು. ಇದು ಅವರಲ್ಲಿ ಮಾತ್ರವಲ್ಲ. ನಮ್ಮಲ್ಲೂ ‘ಯಾಕೋ ಹಲ್ಲು ಕಿರೀತೀಯ?’ ಎಂದರೆ ಅದು ಬೈಗುಳವೇ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಎಂಬ ಗಾದೆಯನ್ನು ನನ್ನ ವಯಸ್ಸಿನವರೆಲ್ಲ ಕೇಳಿದ್ದೇವೆ. ಈಗ ಆ ಗಾದೆ ಯಾರಿಗೂ ಹಿಡಿಸುವುದಿಲ್ಲ, ಹಿಡಿಸಲೂಬಾರದು. ಆದರೆ ಅಂಥ ಗಾದೆ ಕೇಳಿ ಬೆಳೆದ ಹೆಣ್ಣುಮಗಳು ಗೊತ್ತಿಲ್ಲದ ಫೋಟೊಗ್ರಾಫರ್ ಮುಂದೆ ಹೇಗೆ ನಕ್ಕಾಳು?

ನಮ್ಮ ಮನೆಯ ಗೋಡೆಯ ಮೇಲೆ

ನಮ್ಮಪ್ಪನ ಆ ಫೋಟೊ ತೆಗೆದದ್ದು 1962ರಲ್ಲಿ. ಅಪ್ಪ, ಅಮ್ಮ, ಅಮ್ಮನ ಕಂಕುಳಲ್ಲಿ ಒಂದು ವರ್ಷದ ನಾನು, ಮೂವರೂ ಬಸ್ಸು ಹತ್ತಿ ತಾಲ್ಲೂಕು ಕೇಂದ್ರದ ಸ್ಟುಡಿಯೊಗೆ ಹೋಗಿದ್ದೆವಂತೆ. ಅಪ್ಪ ಹಾಕಿದ್ದ ಕೋಟು ಪಕ್ಕದ ಮನೆಯವರದು. ಹಿಂದೆ ಬಣ್ಣದ ಪರದೆ, ಅದರಲ್ಲಿ ಕೊಳ ಮತ್ತು ಕಂಬಗಳು. ಪಕ್ಕದಲ್ಲಿ ಎತ್ತರದ ಸ್ಟೂಲಿನ ಮೇಲೆ ಕಾಗದದ ಹೂವಿನ ಕುಂಡ. ಫೋಟೊಗ್ರಾಫರ್ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಹೊರಗೆ ಬಂದು, ಅಪ್ಪನ ಗದ್ದ ಹಿಡಿದು ಸರಿಮಾಡಿ, ‘ಅಲ್ಲಾಡಬೇಡಿ, ರೆಪ್ಪೆ ಬಡೀಬೇಡಿ’ ಎಂದನಂತೆ. ನಗಿ ಎಂದು ಯಾರೂ ಹೇಳಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಂಬಿದವರು ಆಗ ಬೇಕಾದಷ್ಟು ಜನರಿದ್ದರು. ಹಾಗಿದ್ದೂ ಹೋಗುತ್ತಿದ್ದರು ಎಂದರೆ ಅದು ಜೀವನದಲ್ಲಿ ಒಂದೋ ಎರಡೋ ಬಾರಿ ಬರುವ ಸಂದರ್ಭ. ಇನ್ನೊಂದು ಮಾತು ಅಮ್ಮ ಮೆಲ್ಲಗೆ ಹೇಳುತ್ತಿದ್ದಳು: ‘ಮುಂದೆ ಹಾರ ಹಾಕೋದೂ ಇದೇ ಪಟಕ್ಕೇ ಅಂತ ಎಲ್ರಿಗೂ ಗೊತ್ತಿತ್ತು.’ ಹಾಗೆಯೇ ಆಯಿತು. ಅಪ್ಪ ತೀರಿಕೊಂಡಾಗ ಅದೇ ಚಿತ್ರದಿಂದ ಅವರ ಮುಖವನ್ನಷ್ಟೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಮೊಮ್ಮಗಳು ನೋಡಿದ್ದು ಅದನ್ನೇ.

ಅವಳಿಗೆ ಗೊತ್ತಿಲ್ಲದ್ದು ಏನೆಂದರೆ, ನಮ್ಮಪ್ಪ ನಮ್ಮ ಬೀದಿಗೇ ದೊಡ್ಡ ನಗೆಗಾರ. ಊರ ನಾಟಕದಲ್ಲಿ ಹಾಸ್ಯದ ಪಾತ್ರ ಯಾವಾಗಲೂ ಅವರದೇ. ತಾವು ಹೇಳಬೇಕಾದ ಮಾತಿಗೆ ತಾವೇ ಮೊದಲು ನಕ್ಕುಬಿಡುತ್ತಿದ್ದರು, ಅದನ್ನು ನೋಡಿ ಜನ ನಗುತ್ತಿದ್ದರು. ಅವರು ಜಗಲಿಯಲ್ಲಿ ನಕ್ಕರೆ ಹಿತ್ತಲ ಬಾವಿಕಟ್ಟೆಗೆ ಕೇಳಿಸುತ್ತಿತ್ತು. ಆ ನಗುವನ್ನು ಕಿವಿಯಾರೆ ಕೇಳಿದವರಲ್ಲಿ ಈಗ ಉಳಿದಿರುವುದು ನಾನು ಮತ್ತು ನನ್ನ ಸೋದರತ್ತೆ, ಇಬ್ಬರೇ. ನಾವು ಹೇಳದೆ ಹೋದರೆ ಮುಂದಿನವರಿಗೆ ಅವರು ‘ಕೋಪದ ಮುತ್ತಜ್ಜ’ ಆಗಿಯೇ ಉಳಿಯುತ್ತಾರೆ. ಕನ್ನಡದಲ್ಲಿ ಇಂಥ ಫೋಟೊಗೆ ‘ಭಾವಚಿತ್ರ’ ಎನ್ನುತ್ತೇವೆ. ಭಾವ ಮಾತ್ರ ಚಿತ್ರದ ಹೊರಗೇ ಉಳಿದಿರುತ್ತದೆ.

ನಗು ತಂದ ಒಂದು ಡಾಲರಿನ ಪೆಟ್ಟಿಗೆ

ಹಾಗಾದರೆ ಫೋಟೊಗೆ ನಗುವ ಪದ್ಧತಿ ಬಂದದ್ದು ಎಲ್ಲಿಂದ? ಇದರಲ್ಲಿ ಅಮೆರಿಕದ ಪಾತ್ರ ದೊಡ್ಡದು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದ. ಒಳಗೆ 100 ಫೋಟೊಗಳಿಗೆ ಆಗುವಷ್ಟು ಫಿಲ್ಮ್ ತುಂಬಿಸಿಯೇ ಕೊಡುತ್ತಿದ್ದರು. ಗುಂಡಿ ಒತ್ತುವುದಷ್ಟೇ ಕೊಂಡವರ ಕೆಲಸ. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿದರೆ ಫೋಟೊ ಮುದ್ರಿಸಿ, ಹೊಸ ಫಿಲ್ಮ್ ಹಾಕಿ ವಾಪಸು ಕಳಿಸುತ್ತಿದ್ದರು. ಆದರೆ ಅದರ ಬೆಲೆ 25 ಡಾಲರ್, ಆ ಕಾಲಕ್ಕೆ ಬಹಳ ದುಬಾರಿ. 1900ರಲ್ಲಿ ಅದೇ ಕಂಪನಿ ರಟ್ಟಿನ ಪೆಟ್ಟಿಗೆಯಂಥ ‘ಬ್ರೌನಿ’ ಕ್ಯಾಮೆರಾ ತಂದಿತು. ಬೆಲೆ ಒಂದೇ ಡಾಲರ್! ಮಕ್ಕಳೂ ಕೊಳ್ಳಲಿ ಎಂಬುದೇ ಅದರ ಉದ್ದೇಶ.

ಕ್ಯಾಮೆರಾ ಸ್ಟುಡಿಯೊ ಬಿಟ್ಟು ಮನೆಗೆ, ತೋಟಕ್ಕೆ, ಪ್ರವಾಸಕ್ಕೆ ಬಂತು. ಕಂಪನಿಯ ಜಾಹೀರಾತುಗಳ ತುಂಬ ರಜೆಯಲ್ಲಿ, ಹಬ್ಬದಲ್ಲಿ, ಹುಟ್ಟುಹಬ್ಬದಲ್ಲಿ ಖುಷಿಯಾಗಿರುವ ಜನ. ಫೋಟೊ ಅಂದರೆ ಸಂತೋಷದ ಗಳಿಗೆಯನ್ನು ಹಿಡಿದಿಡುವುದು ಎಂಬ ಪಾಠವನ್ನು ಆ ಜಾಹೀರಾತುಗಳು ಹೇಳಿಕೊಟ್ಟವು ಎಂದು ವಿದ್ವಾಂಸರು ಬರೆದಿದ್ದಾರೆ. ಸಿನಿಮಾ ತಾರೆಯರ ನಗುಮುಖದ ಚಿತ್ರಗಳೂ ಸೇರಿಕೊಂಡವು.

ಈ ಬದಲಾವಣೆ ಒಮ್ಮೆಲೇ ಆಗಲಿಲ್ಲ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1905ರಿಂದ 2013ರವರೆಗಿನ ಅಲ್ಲಿನ ಪ್ರೌಢಶಾಲಾ ವಾರ್ಷಿಕ ಪುಸ್ತಕಗಳಿಂದ ಸುಮಾರು 38 ಸಾವಿರ ವಿದ್ಯಾರ್ಥಿಗಳ ಫೋಟೊಗಳನ್ನು ಒಟ್ಟುಮಾಡಿದರು. ತುಟಿ ಎಷ್ಟು ಬಾಗಿದೆ ಎಂದು ಕಂಪ್ಯೂಟರಿನಿಂದ ಅಳೆದರು. ದಶಕಗಳು ಕಳೆದಂತೆ ನಗು ಹೆಚ್ಚುತ್ತಾ ಬಂದಿರುವುದು ಕಂಡಿತು. ಹುಡುಗರಿಗಿಂತ ಹುಡುಗಿಯರ ನಗು ಹೆಚ್ಚಾಗಿತ್ತು.

‘ಬದನೆಕಾಯಿ’ ಎನ್ನಿ!

ಫೋಟೊ ತೆಗೆಯುವಾಗ ‘ಚೀಸ್’ ಎನ್ನುವ ಸೂಚನೆ 1943ರಲ್ಲಿಯೇ ಅಮೆರಿಕದ ಟೆಕ್ಸಸ್ ರಾಜ್ಯದ ಪತ್ರಿಕೆಯೊಂದರಲ್ಲಿ ಅಚ್ಚಾಗಿದೆ. ಗುಟ್ಟು ಇರುವುದು ಅದರ ‘ಈ’ಕಾರದಲ್ಲಿ. ‘ಊ’ ಎಂದರೆ ತುಟಿ ಮುಂದಕ್ಕೆ ಚಾಚುತ್ತದೆ, ‘ಈ’ ಎಂದರೆ ಎರಡೂ ಕಡೆಗೆ ಎಳೆಯುತ್ತದೆ. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಮಾತುಗಳಿವೆ. ಹೆಚ್ಚಿನವು ತಿನ್ನುವ ವಸ್ತುಗಳೇ!

• ಚೀನಾ: ‘ಚಿಯೆಝ’. ಅಂದರೆ ಬದನೆಕಾಯಿ.
• ದಕ್ಷಿಣ ಕೊರಿಯಾ: ‘ಕಿಮ್ಚಿ’. ಎಲೆಕೋಸು, ಮೂಲಂಗಿಗಳಿಗೆ ಉಪ್ಪು ಖಾರ ಹಾಕಿ ಹುಳಿ ಬರಿಸಿದ ಅವರ ಉಪ್ಪಿನಕಾಯಿ.
• ಸ್ಪೇನ್: ‘ಪತಾತಾ’. ಆಲೂಗೆಡ್ಡೆ.
• ಡೆನ್ಮಾರ್ಕ್: ‘ಆಪಲ್ಸೀನ್’. ಕಿತ್ತಳೆ ಹಣ್ಣು.
• ಬಲ್ಗೇರಿಯಾ: ‘ಝೆಲೆ’. ಎಲೆಕೋಸು.
• ಫಿನ್ಲೆಂಡ್: ‘ಮುಯಿಕ್ಕು’. ಕೆರೆಯಲ್ಲಿ ಸಿಗುವ ಒಂದು ಸಣ್ಣ ಮೀನು.
• ಫ್ರಾನ್ಸ್: ‘ವಿಸ್ತಿತಿ’. ಒಂದು ಪುಟ್ಟ ಕೋತಿ. ಇದನ್ನು ಯಾರೂ ತಿನ್ನುವುದಿಲ್ಲ!
• ಜಪಾನ್: ಫೋಟೊ ತೆಗೆಯುವವರು ‘ಒಂದಕ್ಕೆ ಒಂದು ಕೂಡಿಸಿದರೆ?’ ಎಂದು ಕೇಳುತ್ತಾರೆ. ಎಲ್ಲರೂ ‘ನೀ’ ಎಂದು ಕೂಗುತ್ತಾರೆ. ಅವರ ಭಾಷೆಯಲ್ಲಿ ‘ನಿ’ ಎಂದರೆ ಎರಡು.

ಕನ್ನಡದಲ್ಲಿ ನಾವು ಏನು ಹೇಳೋಣ? ‘ಇಡ್ಲಿ’, ‘ಜಿಲೇಬಿ’ ಎರಡೂ ಚೆನ್ನಾಗಿ ಹೊಂದುತ್ತವೆ. ‘ಕೋಸಂಬರಿ’ ಎಂದೂ ಹೇಳಿ ನೋಡಿ. ‘ಉಪ್ಪಿಟ್ಟು’ ಮಾತ್ರ ಬೇಡ.

ಕಾರಣವಿಲ್ಲದೆ ನಕ್ಕರೆ?

ಎಲ್ಲ ದೇಶಗಳೂ ಈ ಹೊಸ ಪದ್ಧತಿಯನ್ನು ಒಂದೇ ರೀತಿ ಒಪ್ಪಿಕೊಳ್ಳಲಿಲ್ಲ. ರಷ್ಯಾದವರ ಫೋಟೊಗಳಲ್ಲಿ ಇಂದಿಗೂ ಗಂಭೀರ ಮುಖಗಳು ಹೆಚ್ಚು. ಕಾರಣವಿಲ್ಲದೆ ನಗುವುದು ದಡ್ಡತನದ ಗುರುತು ಎಂಬ ಅರ್ಥದ ಗಾದೆ ಅವರಲ್ಲಿದೆ. ಮನಸ್ಸಿನಲ್ಲಿಲ್ಲದೆ ಮರ್ಯಾದೆಗೆ ನಗುವ ನಗುವಿಗೆ ಅವರು ‘ಡ್ಯೂಟಿಯ ನಗು’ ಎನ್ನುತ್ತಾರೆ, ಅದು ಹೊಗಳಿಕೆಯಲ್ಲ. ರಷ್ಯನ್ನರ ನಗುವಿನ ಬಗ್ಗೆ ಬರೆದ ಅಲ್ಲಿನ ಭಾಷಾವಿದ್ವಾಂಸ ಇಯೋಸಿಫ್ ಸ್ಟೆರ್ನಿನ್, ಅವರ ನಗು ಗುರುತಿನವರಿಗೆ ಮೀಸಲು, ಅದಕ್ಕೊಂದು ಕಾರಣ ಇರಬೇಕು ಎಂದು ವಿವರಿಸುತ್ತಾರೆ. 1990ರ ಜನವರಿ 31ರಂದು ಮಾಸ್ಕೋದ ಪುಷ್ಕಿನ್ ಚೌಕದಲ್ಲಿ ಮೆಕ್‌ಡೊನಾಲ್ಡ್ಸ್ ಹೋಟೆಲು ತೆರೆದಾಗ, ಬಂದವರನ್ನು ನೋಡಿ ನಗಬೇಕೆಂದು ಕೆಲಸಗಾರರಿಗೆ ತರಬೇತಿ ಕೊಡಲಾಗಿತ್ತು. ಗುರುತಿಲ್ಲದವರು ನಮ್ಮನ್ನು ನೋಡಿ ಯಾಕೆ ನಗುತ್ತಿದ್ದಾರೆ ಎಂದು ಬಂದವರಿಗೆ ವಿಚಿತ್ರವೆನಿಸಿತಂತೆ. ಅದೇ ರಷ್ಯನ್ನರ ಮನೆಗೆ ಸ್ನೇಹಿತರು ಬಂದರೆ ಊಟದ ಮೇಜಿನ ಸುತ್ತ ನಗುವಿಗೆ ಬರವಿಲ್ಲ.

ಅಮೆರಿಕದವರು ಇಷ್ಟು ನಗುವುದೇಕೆ? 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ 32 ದೇಶಗಳನ್ನು ಹೋಲಿಸಿತು. ನಾನಾ ದೇಶಗಳಿಂದ ವಲಸೆ ಬಂದ ಜನ ಸೇರಿ ಕಟ್ಟಿದ ನಾಡುಗಳಲ್ಲಿ ಮುಖದಲ್ಲಿ ಭಾವ ತೋರಿಸುವುದು ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಪಕ್ಕದ ಮನೆಯವರ ಭಾಷೆ ಬಾರದಿದ್ದಾಗ ‘ನಾನು ನಿನಗೆ ಕೇಡು ಮಾಡುವವನಲ್ಲ’ ಎಂದು ತಿಳಿಸಲು ನಗುವೇ ಸುಲಭದ ದಾರಿ.

ಇನ್ನೊಂದು ಅಧ್ಯಯನ ನಮಗೂ ಸಂಬಂಧಿಸಿದ್ದು. ಪೋಲೆಂಡಿನ ಕುಬಾ ಕ್ರಿಸ್ ಮತ್ತು ಸಂಗಡಿಗರು 44 ಸಂಸ್ಕೃತಿಗಳ ಜನರಿಗೆ ನಗುವ ಮತ್ತು ನಗದ ಮುಖಗಳ ಫೋಟೊ ತೋರಿಸಿ, ಯಾರು ಬುದ್ಧಿವಂತರಂತೆ ಕಾಣುತ್ತಾರೆ ಎಂದು ಕೇಳಿದರು. ಫಲಿತಾಂಶ ಪ್ರಕಟವಾದದ್ದು 2016ರಲ್ಲಿ. ಜರ್ಮನಿ, ಚೀನಾಗಳಲ್ಲಿ ನಗುವವರು ಹೆಚ್ಚು ಬುದ್ಧಿವಂತರಾಗಿ ಕಂಡರು. ಜಪಾನ್, ಇರಾನ್, ರಷ್ಯಾ ಮತ್ತು ನಮ್ಮ ಭಾರತದಲ್ಲಿ ನಗದ ಮುಖಕ್ಕೇ ಹೆಚ್ಚು ಅಂಕ! ಸೆಲ್ಫಿಗೆ ನಗುವ ನಮ್ಮೊಳಗೆ ಪೇಟದ ಅಜ್ಜ ಇನ್ನೂ ಎಲ್ಲೋ ಕೂತಿದ್ದಾನೆ.

ಬಾಯಿ ನೋಡುವವರು, ಕಣ್ಣು ನೋಡುವವರು

ನಗುವನ್ನು ಮುಖದ ಯಾವ ಭಾಗದಲ್ಲಿ ಹುಡುಕುತ್ತೇವೆ ಎಂಬುದರಲ್ಲೂ ವ್ಯತ್ಯಾಸವಿದೆ. ಕಂಪ್ಯೂಟರಿನಲ್ಲಿ ನಗುಮುಖ ಬರೆಯಲು 1982ರಲ್ಲಿ ಅಮೆರಿಕದ ಸ್ಕಾಟ್ ಫಾಲ್‌ಮನ್ ಸೂಚಿಸಿದ ಗುರುತು :-) ಹೀಗಿದೆ. ಕಣ್ಣು ಬರೀ ಎರಡು ಚುಕ್ಕೆ, ನಗುವುದೆಲ್ಲ ಬಾಯಿ. ಜಪಾನಿನವರು ಬರೆಯುವುದು (^_^) ಹೀಗೆ. ಇಲ್ಲಿ ಬಾಯಿ ಒಂದು ನೇರ ಗೆರೆ, ನಗುವುದೆಲ್ಲ ಕಣ್ಣು! ಮಸಾಕಿ ಯುಕಿ ಎಂಬ ಜಪಾನಿ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಸಂತೋಷವನ್ನು ಗುರುತಿಸಲು ಜಪಾನಿನವರು ಕಣ್ಣಿಗೂ ಅಮೆರಿಕದವರು ಬಾಯಿಗೂ ಹೆಚ್ಚು ಬೆಲೆ ಕೊಡುತ್ತಾರೆ.

ಇದರ ಹಿಂದೆ ಶರೀರದ ಒಂದು ಸತ್ಯವೂ ಇದೆ. ಫ್ರಾನ್ಸ್‌ನ ವೈದ್ಯ ದುಶೆನ್ 1862ರಲ್ಲಿಯೇ ಅದನ್ನು ಬರೆದ. ತುಟಿಯ ಅಂಚನ್ನು ಎಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತ ನೆರಿಗೆ ಮೂಡಿಸುವ ಸ್ನಾಯು ಮನಸ್ಸು ನಿಜವಾಗಿ ನಕ್ಕಾಗ ತಾನಾಗಿ ಸೇರಿಕೊಳ್ಳುತ್ತದೆ. ಹಳೆಯ ಆಲ್ಬಂನಲ್ಲಿ ಬಾಯಿಯನ್ನು ಕೈಯಿಂದ ಮುಚ್ಚಿ ಕಣ್ಣುಗಳನ್ನಷ್ಟೇ ನೋಡಿ. ಬಿಗಿದ ತುಟಿಯ ಮೇಲೆ ತುಂಟ ಕಣ್ಣುಗಳು ಸಿಕ್ಕರೂ ಸಿಕ್ಕಬಹುದು.

ಮೈಸೂರಿನ ಸತ್ಯನ್

ನಗಿ ಎಂದು ಹೇಳದೆಯೇ ನಗುವನ್ನು ಹಿಡಿದವರು ನಮ್ಮಲ್ಲೇ ಇದ್ದರು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ ದೇಶದ ಹೆಸರಾಂತ ಪತ್ರಿಕಾ ಛಾಯಾಗ್ರಾಹಕರು. ಸಾಮಾನ್ಯ ಜನರನ್ನು, ಅದರಲ್ಲೂ ಮಕ್ಕಳನ್ನು, ಅವರ ಪಾಡಿಗೆ ಅವರಿರುವಾಗ ಸೆರೆಹಿಡಿದರು. 1977ರಲ್ಲಿ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರು 2009ರಲ್ಲಿ ತೀರಿಕೊಂಡರು. ಅವರ ಚಿತ್ರಗಳ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕರೆ ಮಕ್ಕಳಿಗೆ ತೋರಿಸಿ.

ಈ ಭಾನುವಾರ ಹೀಗೆ ಮಾಡಿ

ಪಾಸ್‌ಪೋರ್ಟಿನ ಫೋಟೊಗೆ ಬಾಯಿ ಮುಚ್ಚಿ, ಭಾವವಿಲ್ಲದೆ ಕೂರಬೇಕೆಂಬ ನಿಯಮ ಈಗ ಇದೆ. ಮುಖಗಳನ್ನು ಹೋಲಿಸುವ ಯಂತ್ರಕ್ಕೆ ಅದು ಅನುಕೂಲ. ಆ ಫೋಟೊ ನೋಡಿ ನಿಮ್ಮನ್ನು ಸಿಡುಕರು ಎಂದು ಯಾರಾದರೂ ತೀರ್ಮಾನಿಸಿದರೆ ನೀವು ಒಪ್ಪುತ್ತೀರಾ? ಹಳೆಯ ಫೋಟೊದ ಹಿರಿಯರಿಗೂ, ಬೇರೆ ದೇಶದಿಂದ ಬಂದು ನಿಮ್ಮ ತರಗತಿಯಲ್ಲಿ ನಗದೆ ಕೂತ ಹುಡುಗನಿಗೂ ಅದೇ ನ್ಯಾಯ. ಮುಖ ನೋಡಿ ತೀರ್ಮಾನ ಮಾಡುವ ಮೊದಲು ಕೇಳಿ ತಿಳಿಯಬೇಕು.

ಮಕ್ಕಳೇ, ಆಲ್ಬಂ ತೆಗೆದುಕೊಂಡು ಅಜ್ಜ ಅಜ್ಜಿಯ ಹತ್ತಿರ ಕೂರಿ. ಪ್ರತಿ ಫೋಟೊಗೂ ಮೂರು ಪ್ರಶ್ನೆ ಕೇಳಿ: ಇವರು ಯಾರು? ಈ ದಿನ ಏನು ವಿಶೇಷ? ಇವರು ಯಾವಾಗ ನಗುತ್ತಿದ್ದರು? ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಫೋಟೊದ ಹಿಂದೆ ಇಡಿ. ಫೋಟೊದ ಹಿಂಭಾಗದಲ್ಲೇ ಬರೆಯುವುದಾದರೆ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ. ಬಾಲ್‌ಪೆನ್ನು ಒತ್ತಿದರೆ ಮುಂಭಾಗದಲ್ಲಿ ಗೀರು ಮೂಡುತ್ತದೆ.

ಅಜ್ಜ ಅಜ್ಜಿಯರೇ, ಮೂರನೆಯ ಪ್ರಶ್ನೆಗೆ ದಯವಿಟ್ಟು ವಿವರವಾಗಿ ಉತ್ತರ ಕೊಡಿ. ಹೆಸರು, ಇಸವಿಗಳನ್ನು ಕಾಗದಪತ್ರದಲ್ಲಿ ಹುಡುಕಬಹುದು. ನಿಮ್ಮ ಅತ್ತೆ ಹೇಗೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು, ನಿಮ್ಮ ದೊಡ್ಡಪ್ಪ ಯಾವ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು ಎಂಬುದು ನಿಮ್ಮ ನೆನಪಿನಲ್ಲಿ ಮಾತ್ರ ಇದೆ.

ಅವರು ಆ ಕಥೆ ಹೇಳುತ್ತಿರುವಾಗ, ಮಕ್ಕಳೇ, ‘ಸ್ಮೈಲ್ ಪ್ಲೀಸ್’ ಎನ್ನದೆ ಮೆಲ್ಲಗೆ ಮೊಬೈಲ್ ಎತ್ತಿ ಒಂದು ಫೋಟೊ ತೆಗೆಯಿರಿ. ಆಮೇಲೆ ಅದನ್ನು ಅವರಿಗೆ ತೋರಿಸಿ, ಇಟ್ಟುಕೊಳ್ಳಲಾ ಎಂದು ಕೇಳಿ.